ಗ್ರಾಮದ ಶಾಲೆಯೂ ಕಿಶೋರರ ಮನಃಸ್ವಾಸ್ಥ್ಯವೂ

(ಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಲಾದ ಉಪನ್ಯಾಸ)

 

ಮಗುವಿಗೆ ಜ್ವರ ಬಂದರೆ ತಾಯಿಯು ಹಣೆಯನ್ನು ಮುಟ್ಟಿ ತಿಳಿಯುವಳು. ಹೊಟ್ಟೆ ಹಸಿದರೆ ಮಗುವು ಅತ್ತು ತಿಳಿಸುವುದು. ಆದರೆ ಹದಿನಾಲ್ಕು ವರ್ಷದ ಹುಡುಗನ ಅಥವಾ ಹುಡುಗಿಯ ಮನಸ್ಸಿಗೆ ಬೇನೆ ಹತ್ತಿದರೆ ಅದನ್ನು ತಿಳಿಯತಕ್ಕವರು ಯಾರು? ಆ ವಯಸ್ಸಿನವರು ಅಳುವುದಕ್ಕೆ ನಾಚುವರು, ಹೇಳುವುದಕ್ಕೆ ಅಂಜುವರು, ಹೇಳಬೇಕೆಂದರೂ ತಮಗೆ ಆಗುತ್ತಿರುವುದೇನೆಂದು ಹೇಳುವ ಮಾತು ಅವರಲ್ಲಿರುವುದಿಲ್ಲ. ಪಟ್ಟಣದಲ್ಲಿ ಧನವುಳ್ಳವರು ವೈದ್ಯರನ್ನು ಹುಡುಕಿಕೊಂಡಾರು. ಹಳ್ಳಿಯ ಬಡ ಮಕ್ಕಳಿಗೆ ಶಾಲೆಯನ್ನುಳಿದು ಬೇರೆ ಬಾಗಿಲಿಲ್ಲ. ಆ ಶಾಲೆಯಲ್ಲಿ ಅವರ ಮಾತನ್ನು ಕೇಳತಕ್ಕವರು ಯಾರಿರಬೇಕು, ಎಂಥವರಿರಬೇಕು ಎಂಬುದೇ ಈ ಹೊತ್ತಿನ ವಿಚಾರ.

ಕಿಶೋರಾವಸ್ಥೆಯು ಬಾಲ್ಯಕ್ಕೂ ಯೌವನಕ್ಕೂ ನಡುವಣ ಸಂಧಿಕಾಲ. ಈ ಕಾಲದಲ್ಲಿ ಶರೀರವು ವೇಗದಿಂದ ಬೆಳೆಯುವುದು. ಅದೇ ವೇಗದಲ್ಲಿ ವಿವೇಕವು ಬೆಳೆಯುವುದಿಲ್ಲ. ಹಿಂದುಮುಂದನ್ನು ಆಲೋಚಿಸಿ ಆವೇಗವನ್ನು ತಡೆಯತಕ್ಕ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯಬೇಕಾದರೆ ಇಪ್ಪತ್ತು ವರ್ಷಗಳು ದಾಟಬೇಕೆಂದು ಇಂದಿನ ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆದುದರಿಂದ ಪ್ರೌಢರಿಗೆ ಅಲ್ಪವಾಗಿ ತೋರುವ ಅವಮಾನವು ಈ ವಯಸ್ಸಿನವರಿಗೆ ಪರ್ವತದಷ್ಟಾಗಿ ಕಾಣುವುದು ಅವರ ತಪ್ಪಲ್ಲ, ಅವರ ವಯಸ್ಸಿನ ಧರ್ಮ. ಇನ್ನೊಂದು ಸಂಗತಿಯನ್ನೂ ಮನಸ್ಸಿಗೆ ತಂದುಕೊಳ್ಳಬೇಕು. ಮನುಷ್ಯನ ಆಯುಷ್ಯದಲ್ಲಿ ಕಾಣಿಸಿಕೊಳ್ಳುವ ಮನೋರೋಗಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು 14ನೆಯ ವಯಸ್ಸಿಗೆ ಮೊದಲೇ, ಅರ್ಧಕ್ಕೆ ಸಮೀಪವಾದ ಪಾಲು 18ನೆಯ ವಯಸ್ಸಿಗೆ ಮೊದಲೇ ಬೇರೂರುವುವೆಂದು ಅನೇಕ ದೇಶಗಳ ಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಸಸಿಯಾಗಿರುವಾಗ ಕಾಣದ ಹುಳುವು ಮರವಾದ ಮೇಲೆ ಕಂಡರೆ ಪ್ರಯೋಜನವೇನು?

ಹಳ್ಳಿಯ ಕಿಶೋರರಿಗೆ ಈ ವಯೋಧರ್ಮದ ಮೇಲೆ ಬಡತನದ ಹೊರೆಯೂ ಕೂಡುವುದು. ಮಳೆ ತಪ್ಪಿದ ವರ್ಷ ತಂದೆತಾಯಿಗಳು ಗುಳೆ ಹೋಗುವರು; ಮಗನು ಅಜ್ಜಿಯ ಮನೆಯಲ್ಲಿ ಉಳಿದು ತಮ್ಮ ತಂಗಿಯರಿಗೆ ತಾನೇ ಯಜಮಾನನಾಗುವನು. ತಂದೆಯ ಕುಡಿತ, ಸಾಲಗಾರರ ಕಾಟ, ಮನೆಯೊಳಗಿನ ಹೊಡೆತ ಇವುಗಳನ್ನು ಕಂಡ ಹುಡುಗನು ಮರುದಿನ ಗಣಿತದ ಲೆಕ್ಕದಲ್ಲಿ ಮನಸ್ಸನ್ನು ನಿಲ್ಲಿಸಲಾರನು. ಹುಡುಗಿಯರ ಕಷ್ಟವು ಇನ್ನೂ ಹೆಚ್ಚಿನದು. ಮೈನೆರೆದ ಕೂಡಲೇ ಶಾಲೆಯನ್ನು ಬಿಡಿಸುವ ಮಾತು, ಕಾನೂನು ನಿಷೇಧಿಸಿದ್ದರೂ ಗುಟ್ಟಾಗಿ ನಡೆಯುವ ಬಾಲ್ಯವಿವಾಹದ ಭಯ, ಶಾಲೆಗೆ ಹೋಗುವ ದಾರಿಯಲ್ಲಿ ಕೇಳಬೇಕಾದ ಕೆಟ್ಟ ಮಾತು, ಇವುಗಳನ್ನು ಅವರು ಯಾರ ಮುಂದೆಯೂ ಆಡಲಾರರು. ಹಿಂದುಳಿದ ಜಾತಿಯ ಮಕ್ಕಳು ಊಟದ ಪಂಕ್ತಿಯಲ್ಲಿ, ಆಟದ ಬಯಲಿನಲ್ಲಿ ಅನುಭವಿಸುವ ಅಪಮಾನವನ್ನೂ ಇಲ್ಲಿ ಮರೆಯಕೂಡದು. ಇಂಥ ಮಕ್ಕಳು ಮಂಕಾಗಿ ಕುಳಿತರೆ ಊರು ಅವರನ್ನು ಸೋಮಾರಿಗಳೆನ್ನುವುದು, ಸಿಟ್ಟಿಗೆದ್ದರೆ ಮೊಂಡರೆನ್ನುವುದು, ಊಟ ನಿದ್ರೆಗಳನ್ನು ಬಿಟ್ಟರೆ ಗಾಳಿ ಸೋಕಿತೆಂದು ತಾಯಿತವನ್ನು ಕಟ್ಟುವುದು. ಹೆಸರು ನೂರುಂಟು, ನೋವನ್ನು ನೋವೆಂದು ಕರೆಯುವ ಹೆಸರೊಂದೇ ಇಲ್ಲ.

ಈ ನೋವಿನ ಪ್ರಮಾಣವೆಷ್ಟು ಎಂಬುದಕ್ಕೆ ಲೆಕ್ಕಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ವ್ಯಾಧಿಯಿದ್ದುದು ಕಂಡುಬಂದಿತು. ಮಹಾನಗರಗಳಲ್ಲಿ ಈ ಪ್ರಮಾಣವು 13.5, ಗ್ರಾಮಗಳಲ್ಲಿ 6.9. ಗ್ರಾಮದ ಅಂಕಿಯು ಸಣ್ಣದೆಂದು ಸಮಾಧಾನ ಪಡುವವರು ಒಂದು ಲೆಕ್ಕವನ್ನು ಮಾಡಿ ನೋಡಬೇಕು: 300 ಮಕ್ಕಳಿರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತು ಮಕ್ಕಳು ಈ ಪಟ್ಟಿಗೆ ಸೇರುವರು. ರೋಗವೆನ್ನುವಷ್ಟು ಬೆಳೆಯದ ದುಃಖ, ಭಯ, ಒಂಟಿತನಗಳು ಈ ಲೆಕ್ಕದ ಹೊರಗೆ. ಇನ್ನು ಅತ್ಯಂತ ಶೋಚನೀಯವಾದ ಅಂಕಿ: ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣವನ್ನು ಕಳೆದುಕೊಂಡರು. ಹಿಂದಿನ ವರ್ಷವೂ ಆ ಸಂಖ್ಯೆಯು 13,000ವನ್ನು ಮೀರಿತ್ತು. ಇವರಲ್ಲಿ ಎಷ್ಟು ಮಂದಿ ಯಾರಾದರೊಬ್ಬರು ಕೇಳಿದ್ದರೆ ಹೇಳಿಕೊಳ್ಳುತ್ತಿದ್ದರೋ ಯಾರು ಬಲ್ಲರು!

ಹಾಗಾದರೆ ವೈದ್ಯರನ್ನು ಕಳುಹಿಸಬಾರದೇ ಎಂದು ಕೇಳಬಹುದು. ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಇರುವವರಲ್ಲಿ ಬಹುಮಂದಿ ನಗರವಾಸಿಗಳು. ಈ ಕೊರತೆಗೆ ಕರ್ನಾಟಕವೇ ಹಿಂದೆ ಒಂದು ದಾರಿಯನ್ನು ತೋರಿಸಿತು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ, ಸಾಧಾರಣವಾದುವುಗಳಿಗೆ ಅಲ್ಲಿಯೇ ಚಿಕಿತ್ಸೆ ಮಾಡುವ ತರಬೇತಿಯನ್ನಿತ್ತರು. ದೊಡ್ಡ ಆಸ್ಪತ್ರೆಯು ಹಳ್ಳಿಗೆ ಬರಲಾರದಾದರೆ ವಿದ್ಯೆಯೇ ಹಳ್ಳಿಗೆ ಬರಲೆಂಬುದು ಆ ಪ್ರಯೋಗದ ತತ್ತ್ವ. ಅದು ಸಫಲವಾಗಿ, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ತಜ್ಞರಲ್ಲದವರೂ ತಕ್ಕ ಶಿಕ್ಷಣದಿಂದ ಮನಸ್ಸಿನ ಬೇನೆಗೆ ನೆರವಾಗಬಲ್ಲರೆಂಬುದು ಅಂದೇ ಸ್ಥಿರಪಟ್ಟಿತು.

ಆದರೆ ಕಿಶೋರರು ಆರೋಗ್ಯ ಕೇಂದ್ರಕ್ಕೆ ತಾವಾಗಿ ಹೋಗುವವರಲ್ಲ. 2014ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಪ್ರಾರಂಭಿಸಿ, 10ರಿಂದ 19 ವರ್ಷದವರ ಮನಃಸ್ವಾಸ್ಥ್ಯವನ್ನೂ ಅದರ ಉದ್ದೇಶಗಳಲ್ಲಿ ಸೇರಿಸಿತು. ಕರ್ನಾಟಕದ ಸರಕಾರಿ ಆಸ್ಪತ್ರೆಗಳಲ್ಲಿ ಈ ವಯಸ್ಸಿನವರಿಗಾಗಿ ಇರುವ ವಿಭಾಗಕ್ಕೆ ಸ್ನೇಹ ಕ್ಲಿನಿಕ್ ಎಂಬ ಸುಂದರವಾದ ಹೆಸರೂ ಉಂಟು. ಹೆಸರು ಸುಂದರವಾದರೂ ದಾರಿ ದೂರ. ಹಳ್ಳಿಯ ಹುಡುಗಿಯು ಒಂಟಿಯಾಗಿ ಬಸ್ಸು ಹತ್ತಿ ತಾಲೂಕಿನ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ತನ್ನ ಮನಸ್ಸು ಸರಿಯಿಲ್ಲವೆಂದು ಹೇಳುವಳೆಂದು ನಿರೀಕ್ಷಿಸುವುದು ಲೋಕಾನುಭವಕ್ಕೆ ವಿರುದ್ಧ. ಅವಳು ದಿನವೂ ಹೋಗುವ ಸ್ಥಳವು ಶಾಲೆ. ಅಲ್ಲಿಗೆ ಹೋದಳೆಂದರೆ ಯಾರೂ ಏಕೆಂದು ಕೇಳುವುದಿಲ್ಲ. ಆದಕಾರಣ ನೆರವು ಶಾಲೆಯಲ್ಲಿಯೇ ಇರತಕ್ಕದ್ದು.

ಶಾಲೆಯಲ್ಲಿ ಯಾರಿಂದ ಎಂಬ ಪ್ರಶ್ನೆಗೆ ಮೊದಲು ಹೊಳೆಯುವ ಉತ್ತರ, ಉಪಾಧ್ಯಾಯರಿಂದ ಎಂಬುದು. ಈ ಉತ್ತರವು ಅರ್ಧ ಸತ್ಯ. ನಿಮ್ಹಾನ್ಸ್ ಸಂಸ್ಥೆಯ ವಿದ್ವಾಂಸರು ಪ್ರೌಢಶಾಲೆಗಳಿಗಾಗಿ ಜೀವನ ಕೌಶಲಗಳ ಶಿಕ್ಷಣವೆಂಬ ಪಾಠಕ್ರಮವನ್ನು ರಚಿಸಿದರು. ಸಿಟ್ಟನ್ನು ಹೇಗೆ ಆಳುವುದು, ಒತ್ತಾಯಕ್ಕೆ ಹೇಗೆ ಇಲ್ಲವೆನ್ನುವುದು, ಕಷ್ಟ ಬಂದಾಗ ಹೇಗೆ ಆಲೋಚಿಸುವುದು ಎಂಬುವುಗಳನ್ನು ಆಟ, ಚರ್ಚೆ, ಅಭಿನಯಗಳ ಮೂಲಕ ಉಪಾಧ್ಯಾಯರೇ ತರಗತಿಯಲ್ಲಿ ಕಲಿಸುವ ಕ್ರಮವದು. ಇದರ ಫಲವನ್ನು ತಿಳಿಯಲು, ಈ ಶಿಕ್ಷಣವನ್ನು ಪಡೆದ ಎರಡು ಪ್ರೌಢಶಾಲೆಗಳ 605 ಮಕ್ಕಳನ್ನು ಪಡೆಯದ ಶಾಲೆಗಳ 423 ಮಕ್ಕಳೊಡನೆ ಹೋಲಿಸಿ 2010ರಲ್ಲಿ ವರದಿಯನ್ನು ಪ್ರಕಟಿಸಿದರು. ಕಲಿತ ಮಕ್ಕಳಲ್ಲಿ ಆತ್ಮಗೌರವವೂ, ಕಷ್ಟವನ್ನೆದುರಿಸುವ ಶಕ್ತಿಯೂ, ಉಪಾಧ್ಯಾಯರೊಡನೆ ಹೊಂದಿಕೊಳ್ಳುವ ಗುಣವೂ ಹೆಚ್ಚಾಗಿದ್ದುವು. ಆದರೆ ಮನೋರೋಗದ ಲಕ್ಷಣಗಳಲ್ಲಿಯೂ, ಮನೆಯವರೊಡನೆ ಮತ್ತು ಓರಗೆಯವರೊಡನೆ ಹೊಂದಿಕೊಳ್ಳುವುದರಲ್ಲಿಯೂ ಎರಡು ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ಉಪಾಧ್ಯಾಯರು ಕಲಿಸಬಲ್ಲರು, ಕಲಿಸಿದುದು ಫಲಿಸುವುದು; ಆದರೂ ಕಲಿಸುವುದರಿಂದಲೇ ಎಲ್ಲವೂ ಆಗಲಾರದೆಂಬುದನ್ನು ಈ ಪ್ರಯೋಗವು ಸೂಚಿಸಿತು.

ಉಳಿದ ಅರ್ಧ ಸತ್ಯವನ್ನು ತೋರಿಸಿದುದು ಬಿಹಾರ ಪ್ರಾಂತದ ನಾಲಂದಾ ಜಿಲ್ಲೆ. ಒಂದು ಕಾಲಕ್ಕೆ ಅಲ್ಲಿಯ ಮಹಾವಿಹಾರವು ಜಗತ್ತಿನ ವಿದ್ಯಾರ್ಥಿಗಳನ್ನು ಆಕರ್ಷಿಸುತ್ತಿತ್ತು. 7ನೆಯ ಶತಮಾನದಲ್ಲಿ ಚೀನದ ಹ್ಯೂಯೆನ್‌ತ್ಸಾಂಗನು ಅಲ್ಲಿಯೇ ಅಧ್ಯಯನ ಮಾಡಿದನು. ಇಂದು ಅದೇ ನೆಲದಲ್ಲಿ ಬಡ ರೈತರ ಮಕ್ಕಳು ಓದುವ ಸರಕಾರಿ ಪ್ರೌಢಶಾಲೆಗಳಿವೆ. ಗೋವೆಯಲ್ಲಿ ಸ್ಥಾಪಿತವಾದ ಸಂಗಾತ್ ಎಂಬ ಸಂಸ್ಥೆಯ ಸಂಶೋಧಕರು 2015ರಲ್ಲಿ ಈ ಜಿಲ್ಲೆಯ 75 ಶಾಲೆಗಳನ್ನು ತೆಗೆದುಕೊಂಡು, ಚೀಟಿಯೆತ್ತಿದಂತೆ ಪಕ್ಷಪಾತವಿಲ್ಲದೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಶಾಲೆಯು ಹಿಂದೆಗೆದುದರಿಂದ 74 ಉಳಿದುವು. ಸರಕಾರದ ಜೀವನ ಕೌಶಲ ಪಾಠವು ಮೂರು ಗುಂಪುಗಳಿಗೂ ಸಮಾನವಾಗಿತ್ತು. ಮೊದಲನೆಯ ಗುಂಪಿನ ಶಾಲೆಗಳಲ್ಲಿ ಉಪಾಧ್ಯಾಯರಲ್ಲದ, ವೈದ್ಯರೂ ಅಲ್ಲದ, ತರಬೇತಿಯನ್ನು ಪಡೆದ ಸಾಮಾನ್ಯ ಆಪ್ತಸಲಹೆಗಾರರೊಬ್ಬರನ್ನು ನಿಯಮಿಸಿದರು. ಎರಡನೆಯ ಗುಂಪಿನಲ್ಲಿ ಅದೇ ಕೆಲಸವನ್ನು ಆ ಶಾಲೆಯ ಉಪಾಧ್ಯಾಯರೊಬ್ಬರಿಗೇ ತರಬೇತಿಯನ್ನಿತ್ತು ವಹಿಸಿದರು. ಮೂರನೆಯ ಗುಂಪಿಗೆ ಪಾಠವನ್ನುಳಿದು ಬೇರೇನೂ ಇರಲಿಲ್ಲ. ಈ ಯೋಜನೆಗೆ ಸೆಹರ್ ಎಂದೂ, ಆ ಕೆಲಸವನ್ನು ಮಾಡುವವರಿಗೆ ಸೆಹರ್ ಮಿತ್ರರೆಂದೂ ಹೆಸರಿಟ್ಟರು. ಸೆಹರ್ ಎಂದರೆ ಉರ್ದು ಭಾಷೆಯಲ್ಲಿ ಬೆಳಗು.

ಮಿತ್ರರ ಕೆಲಸವು ಒಂದು ಕೋಣೆಯಲ್ಲಿ ಕುಳಿತು ರೋಗಿಗಳನ್ನು ಕಾಯುವುದಾಗಿರಲಿಲ್ಲ. ಪ್ರಾರ್ಥನಾ ಸಭೆಯಲ್ಲಿ ಶುಚಿತ್ವ, ಓದುವ ಕ್ರಮ, ದುಶ್ಚಟ, ಹುಡುಗರು ಒಬ್ಬರನ್ನೊಬ್ಬರು ಪೀಡಿಸುವುದು, ಹೆಣ್ಣುಮಕ್ಕಳ ಗೌರವ ಮೊದಲಾದ ವಿಷಯಗಳನ್ನು ಕುರಿತು ಮಾತಾಡುವುದು, ಮಕ್ಕಳಿಂದ ಗೋಡೆಪತ್ರಿಕೆಯನ್ನು ಬರೆಯಿಸುವುದು, ಸ್ಪರ್ಧೆಗಳನ್ನು ಏರ್ಪಡಿಸುವುದು, ಮಕ್ಕಳ ಗುಂಪುಗಳನ್ನು ಕಟ್ಟಿ ಅವರ ಕಷ್ಟಗಳಿಗೆ ಅವರೇ ಪರಿಹಾರ ಹುಡುಕುವಂತೆ ಮಾಡುವುದು, ಹೆಸರನ್ನು ಬರೆಯದೆ ದೂರನ್ನೂ ಪ್ರಶ್ನೆಯನ್ನೂ ಹಾಕಬಹುದಾದ ಒಂದು ಪೆಟ್ಟಿಗೆಯನ್ನಿಟ್ಟು ಅದಕ್ಕೆ ಉತ್ತರ ಕೊಡುವುದು, ಬಯಸಿ ಬಂದ ಮಗುವಿನ ಮಾತನ್ನು ಏಕಾಂತದಲ್ಲಿ ಕೇಳುವುದು. ಒಟ್ಟಿನಲ್ಲಿ, ಒಂದೊಂದು ಮಗುವನ್ನು ಮಾತ್ರವಲ್ಲದೆ ಶಾಲೆಯ ವಾತಾವರಣವನ್ನೇ ಹಸನುಮಾಡುವುದು ಅವರ ಗುರಿ.

ಎಂಟು ತಿಂಗಳ ತರುವಾಯ 14,000ಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳನ್ನು ವಿಚಾರಿಸಿ ನೋಡಿದರು. ಆ ಫಲಿತಾಂಶವು 2018ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಹೊರಗಿನ ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣವು ಸುಧಾರಿಸಿತ್ತು. ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದುವು. ಪೀಡನೆಯೂ ಹೊಡೆದಾಟವೂ ತಗ್ಗಿದ್ದುವು. ಹೆಣ್ಣು ಗಂಡೆಂಬ ಭೇದವನ್ನು ಕುರಿತ ಭಾವನೆಯು ತಿದ್ದಿಕೊಂಡಿತ್ತು. ಅದೇ ಕಾರ್ಯಗಳನ್ನು ಉಪಾಧ್ಯಾಯರು ನಡೆಸಿದ ಶಾಲೆಗಳಿಗೂ, ಏನನ್ನೂ ಮಾಡದ ಶಾಲೆಗಳಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇರಲಿಲ್ಲ. ಪ್ರಯೋಗವನ್ನು ಎರಡನೆಯ ವರ್ಷಕ್ಕೂ ಮುಂದುವರಿಸಿ 17 ತಿಂಗಳಾದ ಮೇಲೆ ಮತ್ತೆ ಅಳೆದಾಗ ಮಿತ್ರರ ಶಾಲೆಗಳ ಒಳಿತು ಇನ್ನೂ ಹೆಚ್ಚಿತ್ತು. ಉಪಾಧ್ಯಾಯರ ಶಾಲೆಗಳಲ್ಲಿ ಆಗಲೂ ಫಲವು ಕಾಣಲಿಲ್ಲ. ಕೆಲಸವು ಒಂದೇ, ಪುಸ್ತಕವು ಒಂದೇ, ಜಿಲ್ಲೆಯು ಒಂದೇ. ಮಾಡುವವರು ಬದಲಾದ ಮಾತ್ರಕ್ಕೆ ಫಲವು ಬದಲಾಯಿತು.

ಇದನ್ನು ಕೇಳಿ ಸಭೆಯಲ್ಲಿರುವ ಉಪಾಧ್ಯಾಯ ಮಹಾಶಯರು ನೊಂದುಕೊಳ್ಳಬೇಕಾದುದಿಲ್ಲ. ಇದು ಅವರ ಯೋಗ್ಯತೆಯ ಮೇಲಣ ತೀರ್ಪಲ್ಲ. ಅವರ ಸ್ಥಾನದ ಸ್ವಭಾವವನ್ನು ತಿಳಿಸುವ ಸಂಗತಿ. ವಿವೇಚಿಸಿದರೆ ಮೂರು ಕಾರಣಗಳು ತೋರುವುವು. ಮೊದಲನೆಯದು ಸಮಯ. ಹಳ್ಳಿಯ ಉಪಾಧ್ಯಾಯರು ಪಾಠವನ್ನು ಹೇಳುವುದಲ್ಲದೆ ಚುನಾವಣೆಯ ಪಟ್ಟಿ, ಜನಗಣತಿ, ನಾನಾ ಬಗೆಯ ಲೆಕ್ಕಪತ್ರ ಇವುಗಳನ್ನೂ ಹೊತ್ತವರು. ಇನ್ನೊಂದು ಹೊರೆಯನ್ನು ಹೊರಿಸಿದರೆ ಅದು ಹೊರೆಗಳ ಅಡಿಯಲ್ಲಿ ಹೂತುಹೋಗುವುದು. ಎರಡನೆಯದು ಅಧಿಕಾರ. ಅಂಕಗಳನ್ನು ಕೊಡುವ ಕೈಗೂ, ತಪ್ಪನ್ನು ದಂಡಿಸುವ ನಾಲಿಗೆಗೂ ಮಗುವು ತನ್ನ ಗುಟ್ಟನ್ನು ಒಪ್ಪಿಸಲು ಹಿಂಜರಿಯುವುದು ಸಹಜ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಭಯವು ಕಾಯಿದೆಯಿಂದ ಅಳಿಯುವ ವಸ್ತುವಲ್ಲ. ಮೂರನೆಯದು ಸಮೀಪತೆ. ಉಪಾಧ್ಯಾಯರು ತಂದೆಗೆ ಪರಿಚಿತರು, ಊರಿನ ಗೌಡರಿಗೆ ಪರಿಚಿತರು. ಇಲ್ಲಿ ಆಡಿದ ಮಾತು ಸಂಜೆಗೆ ಕಟ್ಟೆಯ ಮೇಲೆ ಹರಡೀತೆಂಬ ಶಂಕೆಯು ಮಗುವಿಗೆ ಇದ್ದೇ ಇರುವುದು. ಗುರುವಿಗೆ ಭಯಭಕ್ತಿಗಳು ಸಲ್ಲುವುವು. ಆಪ್ತನಿಗೆ ಸಲುಗೆ ಸಲ್ಲುವುದು. ಒಬ್ಬರೇ ಎರಡನ್ನೂ ಪಡೆಯುವುದು ಅಸಾಧ್ಯವಲ್ಲ, ಆದರೆ ದುರ್ಲಭ. ದುರ್ಲಭವಾದುದನ್ನು ನಂಬಿ ದೇಶದ ವ್ಯವಸ್ಥೆಯನ್ನು ಕಟ್ಟಬಾರದು.

ಆದರೆ ವ್ಯವಸ್ಥೆಯನ್ನು ಕಟ್ಟಿದುದು ಹೆಚ್ಚಾಗಿ ಆ ನಂಬಿಕೆಯ ಮೇಲೆಯೇ. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿಯೊಂದು ಶಾಲೆಯ ಇಬ್ಬರು ಉಪಾಧ್ಯಾಯರನ್ನು ಆರೋಗ್ಯ ರಾಯಭಾರಿಗಳೆಂದು ನೇಮಿಸಿ, 11 ವಿಷಯಗಳನ್ನು ಕಲಿಸುವ ಭಾರವನ್ನು ಅವರಿಗೆ ವಹಿಸಲಾಯಿತು. ಭಾವನೆಗಳ ಮತ್ತು ಮನಸ್ಸಿನ ಸ್ವಾಸ್ಥ್ಯವೂ ಅವುಗಳಲ್ಲೊಂದು. ಕಲಿಸುವ ಮಟ್ಟಿಗೆ ಈ ಏರ್ಪಾಡು ಶ್ಲಾಘ್ಯವಾದುದೇ. ಆದರೆ ಮಕ್ಕಳ ನೋವನ್ನು ಕೇಳುವ ಕೆಲಸವೂ ಇದರಿಂದಲೇ ಆಯಿತೆಂದು ತಿಳಿದರೆ ನಾಲಂದಾದ ಪಾಠವನ್ನು ಕಡೆಗಣಿಸಿದಂತಾಗುವುದು. 2025ರ ಜುಲೈ 25ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಆತ್ಮಹತ್ಯೆಗಳನ್ನು ತಡೆಯುವುದಕ್ಕಾಗಿ ಮಾರ್ಗಸೂತ್ರಗಳನ್ನು ವಿಧಿಸಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳು ಅರ್ಹರಾದ ಆಪ್ತಸಲಹೆಗಾರರೊಬ್ಬರನ್ನಾದರೂ ಇಟ್ಟುಕೊಳ್ಳಬೇಕು, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಸಂಬಂಧವನ್ನು ಏರ್ಪಡಿಸಿಕೊಳ್ಳಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು. ನ್ಯಾಯಾಲಯದ ಮಾತು ನ್ಯಾಯವಾದುದು. ಆದರೆ ಹಳ್ಳಿಗಳ ಶಾಲೆಗಳಿಗೆಲ್ಲ ದೊಡ್ಡ ಪದವಿಯ ಮನಶ್ಶಾಸ್ತ್ರಜ್ಞರು ಎಲ್ಲಿಂದ ಬರುವರು? ಅರ್ಹತೆಯೆಂಬ ಶಬ್ದವನ್ನು ಪಟ್ಟಣದ ಅಳತೆಯಿಂದ ಅಳೆದರೆ ಆ ಸ್ಥಾನಗಳು ಕಾಗದದ ಮೇಲೆ ತುಂಬಿ ಶಾಲೆಯಲ್ಲಿ ಬರಿದಾಗಿರುವುವು. ಸ್ಥಳದ ಭಾಷೆಯನ್ನು ಬಲ್ಲ, ಮಕ್ಕಳಲ್ಲಿ ಮಮತೆಯುಳ್ಳ, ಓದಿದ ತರುಣ ತರುಣಿಯರಿಗೆ ಚೆನ್ನಾದ ತರಬೇತಿಯನ್ನೂ ಮೇಲಿಂದ ಮೇಲೆ ತಜ್ಞರ ಮಾರ್ಗದರ್ಶನವನ್ನೂ ಕೊಟ್ಟರೆ ಅವರು ಈ ಕೆಲಸಕ್ಕೆ ಅರ್ಹರಾಗುವರೆಂಬುದನ್ನು ನಾಲಂದಾದ ಶಾಲೆಗಳು ತೋರಿಸಿಕೊಟ್ಟಿವೆ.

ಇದಕ್ಕೆ ಕೆಲವು ಆಕ್ಷೇಪಗಳು ಹುಟ್ಟುವುವು. ಮೊದಲನೆಯದು ವೆಚ್ಚದ ಆಕ್ಷೇಪ. ಗಣಿತಕ್ಕೇ ಉಪಾಧ್ಯಾಯರಿಲ್ಲದಿರುವಾಗ ಮಾತು ಕೇಳುವುದಕ್ಕೆ ಒಬ್ಬರನ್ನು ಇಡಬೇಕೇ ಎಂಬುದು. ಇದಕ್ಕೆ ಉತ್ತರವು ಕರ್ನಾಟಕದ ಶಾಲೆಗಳ ಅಡುಗೆಮನೆಯಲ್ಲಿಯೇ ಇದೆ. ಹಸಿದ ಮಗುವಿಗೆ ವಿದ್ಯೆ ಹತ್ತದೆಂದು ಮನಗಂಡ ಸರಕಾರವು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಅಂದು ಉಪಾಧ್ಯಾಯರ ಕೈಗೆ ಸೌಟನ್ನು ಕೊಟ್ಟು ಪಾಠದ ನಡುವೆ ಅನ್ನವನ್ನು ಬೇಯಿಸಿರೆಂದು ಹೇಳಲಿಲ್ಲ. ಅಡುಗೆಗೆ ಆ ಊರಿನ ಹೆಣ್ಣುಮಕ್ಕಳನ್ನೇ ನೇಮಿಸಿದರು. ಅವರು ಪಾಕಶಾಸ್ತ್ರದ ಪಂಡಿತರಲ್ಲ. ಆದರೂ ಲಕ್ಷಾಂತರ ಮಕ್ಕಳ ಹೊಟ್ಟೆಯು ತುಂಬಿತು. ಹೊಟ್ಟೆಯ ಹಸಿವಿಗೆ ಒಪ್ಪಿದ ನ್ಯಾಯವು ಮನಸ್ಸಿನ ಹಸಿವಿಗೆ ಏಕೆ ಒಪ್ಪಬಾರದು?

ಎರಡನೆಯ ಆಕ್ಷೇಪವು ಹಿರಿಯರದು. ದುಃಖದ, ಸಾವಿನ ಮಾತುಗಳನ್ನು ಮಕ್ಕಳ ಮುಂದೆ ಎತ್ತಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುವುದೆಂದು ಅವರು ಭಯಪಡುವರು. ಈ ಭಯವು ಪ್ರೀತಿಯಿಂದ ಹುಟ್ಟಿದುದಾದರೂ ನಿಜವಲ್ಲ. ಬದುಕು ಬೇಡವೆನಿಸುತ್ತಿದೆಯೇ ಎಂದು ಮೃದುವಾಗಿ ನೇರವಾಗಿ ಕೇಳುವುದರಿಂದ ಆ ಯೋಚನೆಯು ಹುಟ್ಟುವುದಿಲ್ಲವೆಂದೂ, ಇದ್ದವರಿಗೆ ಕೇಳಿದ್ದರಿಂದಲೇ ಭಾರವು ಇಳಿಯುವುದುಂಟೆಂದೂ ಈ ಶಾಸ್ತ್ರದಲ್ಲಿ ಪರಿಶ್ರಮವುಳ್ಳವರು ಪರೀಕ್ಷಿಸಿ ಹೇಳಿದ್ದಾರೆ. ಕೇಳದಿರುವುದೇ ಅಪಾಯ, ಕೇಳಿ ಉಪದೇಶದಿಂದ ಬಾಯಿ ಮುಚ್ಚಿಸುವುದು ಅದಕ್ಕಿಂತಲೂ ಅಪಾಯ.

ಮೂರನೆಯ ಆಕ್ಷೇಪವು ಗಂಭೀರವಾದುದು: ಅಲ್ಪಶಿಕ್ಷಿತರ ಕೈಗೆ ಮಕ್ಕಳ ಮನಸ್ಸನ್ನು ಒಪ್ಪಿಸಬಹುದೇ? ಎಲ್ಲೆಯಿಲ್ಲದೆ ಒಪ್ಪಿಸಬಾರದು. ಮಗುವು ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತನ್ನಾಡಿದರೆ, ಇಲ್ಲದ ದನಿಗಳನ್ನು ಕೇಳುತ್ತಿದ್ದರೆ, ವಾರಗಟ್ಟಲೆ ಊಟ ನಿದ್ರೆಗಳನ್ನು ತೊರೆದಿದ್ದರೆ, ಆ ಮಗುವನ್ನು ಒಂಟಿಯಾಗಿ ಬಿಡದೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಮಿತ್ರರ ಪ್ರಥಮ ಕರ್ತವ್ಯ. ಗುಟ್ಟನ್ನು ಕಾಪಾಡುವುದು ಅವರ ವ್ರತ. ಆದರೆ ಪ್ರಾಣಾಪಾಯದಲ್ಲಿ ಆ ವ್ರತಕ್ಕೆ ವಿನಾಯಿತಿಯುಂಟು. ಮಗುವಿನ ಮೇಲೆ ಲೈಂಗಿಕ ಅತ್ಯಾಚಾರ ನಡೆದುದು ತಿಳಿದರೆ 2012ರ ಪೋಕ್ಸೋ ಕಾಯಿದೆಯಂತೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಈ ಎಲ್ಲೆಯನ್ನು ಮಗುವಿಗೆ ಮೊದಲೇ ಹೇಳಿಡುವುದು ಪ್ರಾಮಾಣಿಕತನ. ವೈದ್ಯರು ದೂರವಿರುವ ಊರುಗಳಿಗಾಗಿ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು ಆರಂಭವಾಗಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ವೇಳೆಯಲ್ಲಿಯಾದರೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಆಪತ್ತಿನಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಂಖ್ಯೆಯೂ ಉಂಟು. ಈ ಎರಡು ಸಂಖ್ಯೆಗಳು ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿರುವುದು ಇಂದೇ ಆಗಬಹುದಾದ ಕೆಲಸ; ಅದಕ್ಕೆ ಬೇಕಾದುದು ಒಂದು ಕುಂಚ, ಸ್ವಲ್ಪ ಬಣ್ಣ.

ಮಿತ್ರರು ಬರುವವರೆಗೆ ಉಳಿದವರು ಕೈಕಟ್ಟಿ ಕುಳಿತಿರಬೇಕೆಂದು ಇದರ ಅರ್ಥವಲ್ಲ. ಉಪಾಧ್ಯಾಯರು ನಾಲ್ಕು ಜನರ ಮುಂದೆ ಮಗುವನ್ನು ಹಂಗಿಸದಿದ್ದರೆ, ಚೆನ್ನಾಗಿ ಓದುತ್ತಿದ್ದವನು ಏಕಾಏಕಿ ಹಿಂದೆ ಬಿದ್ದುದನ್ನು ಕಂಡಾಗ ಬೈಯುವುದಕ್ಕೆ ಮೊದಲು ಏನಾಯಿತೆಂದು ಕೇಳಿದರೆ, ಅರ್ಧ ಉಪಕಾರವಾದಂತೆಯೇ. ತಂದೆತಾಯಿಗಳು ಪರೀಕ್ಷೆಯ ಫಲವನ್ನು ಮನೆತನದ ಮಾನದೊಡನೆ ಗಂಟುಹಾಕಬಾರದು. 2023-24ನೆಯ ಸಾಲಿನಲ್ಲಿ ಕರ್ನಾಟಕದಲ್ಲಿ ಹತ್ತನೆಯ ತರಗತಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ಬರೆಯುವ ಅವಕಾಶವನ್ನು ಕಲ್ಪಿಸಲಾಯಿತು. ಒಮ್ಮೆ ಬಿದ್ದವರು ಅದೇ ವರ್ಷ ಏಳಬಹುದೆಂದು ಸರಕಾರವೇ ಒಪ್ಪಿರುವಾಗ ಮನೆಯು ಒಪ್ಪದಿರುವುದು ಉಚಿತವಲ್ಲ. ಶಾಲಾಭಿವೃದ್ಧಿ ಸಮಿತಿಯವರು ಕಟ್ಟಡದ ಬಿರುಕನ್ನು ನೋಡುವ ಕಣ್ಣಿನಿಂದಲೇ ಮಕ್ಕಳ ಮುಖವನ್ನೂ ನೋಡಬೇಕು; ಎಷ್ಟು ಮಕ್ಕಳು ಶಾಲೆಯನ್ನು ಬಿಟ್ಟರೆಂಬುದರೊಡನೆ ಏಕೆ ಬಿಟ್ಟರೆಂಬುದನ್ನೂ ವಿಚಾರಿಸಬೇಕು.

ಈ ನಾಡಿನ ಮಠಗಳಿಗೂ ಈ ವಿಷಯದಲ್ಲಿ ಪಾಲುಂಟು. ಹಳ್ಳಿಯ ಬಡ ಹುಡುಗರಿಗಾಗಿ ಅವು ಪ್ರಸಾದನಿಲಯಗಳನ್ನು ಕಟ್ಟಿ ಅನ್ನವನ್ನೂ ಅಕ್ಷರವನ್ನೂ ನೀಡುತ್ತ ಬಂದಿರುವುವು. ಅಲ್ಲಿಗೆ ಬರುವ ಹುಡುಗನು ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯ ಮಡಿಲನ್ನು ಬಿಟ್ಟು ಬಂದವನು. ಸಾಲಿನಲ್ಲಿ ಕುಳಿತು ಉಂಡು, ಸಾಲಿನಲ್ಲಿ ಮಲಗಿ, ರಾತ್ರಿ ದೀಪವಾರಿದ ಮೇಲೆ ಹೊದಿಕೆಯೊಳಗೆ ಅಳುವ ಮಗುವು ಯಾವ ನಿಲಯದಲ್ಲಿಲ್ಲ? ದೊಡ್ಡ ಹುಡುಗರು ಚಿಕ್ಕವರನ್ನು ಕಾಡುವುದೂ ಇಂಥ ಸ್ಥಳಗಳಲ್ಲಿ ಸುಲಭ. ನಿಲಯವನ್ನು ಆಳುವವರೊಬ್ಬರಿದ್ದಂತೆ, ಆಳದೆ ಕೇಳುವವರೊಬ್ಬರೂ ಇರುವುದು ಅವಶ್ಯ. ಸರಕಾರದ ಆಜ್ಞೆಯನ್ನು ಕಾಯದೆ ಇದನ್ನು ಮಾಡುವ ಸ್ವಾತಂತ್ರ್ಯವೂ ಸಾಧನವೂ ಮಠಗಳಿಗಿವೆ. ಅನ್ನದ ದಾಸೋಹವು ನಡೆಯುವ ಸ್ಥಳದಲ್ಲಿ ಕಿವಿಯ ದಾಸೋಹವೂ ನಡೆಯಲಿ.

ಸಭಾಸದರೇ, ಮುಖ್ಯ ವಿಷಯವು ಇಷ್ಟೇ. ಹಳ್ಳಿಯ ಮಕ್ಕಳ ಮನಸ್ಸಿನ ನೋವಿಗೆ ದೊಡ್ಡ ಆಸ್ಪತ್ರೆಗಳು ಬರುವವರೆಗೆ ಕಾಯಬೇಕಾದುದಿಲ್ಲ. ಅದೇ ಕಾರಣದಿಂದ, ಇರುವ ಉಪಾಧ್ಯಾಯರ ಹೆಗಲಿಗೆ ಇನ್ನೊಂದು ಬಿರುದನ್ನು ಏರಿಸಿ ಕೆಲಸವಾಯಿತೆಂದು ತೃಪ್ತರಾಗುವುದೂ ಸಲ್ಲದು. ಅಂಕವನ್ನು ಕೊಡದ, ದಂಡಿಸದ, ಗುಟ್ಟನ್ನು ಹರಡದ, ತನ್ನ ಎಲ್ಲೆಯನ್ನರಿತ ಒಬ್ಬ ತರಬೇತಾದ ಮನುಷ್ಯನು ಶಾಲೆಯಲ್ಲಿರಬೇಕು. ಅವನಿಗೆ ಅದೇ ಕೆಲಸವಾಗಿರಬೇಕು. ಅವನ ಬೆನ್ನಿಗೆ ವೈದ್ಯರೂ ಹಿರಿಯರೂ ನಿಂತಿರಬೇಕು. ಗಂಟೆ ಬಾರಿಸುವುದಕ್ಕೆ ಒಬ್ಬರಿರುವರು, ಅನ್ನ ಬೇಯಿಸುವುದಕ್ಕೆ ಒಬ್ಬರಿರುವರು, ಲೆಕ್ಕ ಬರೆಯುವುದಕ್ಕೆ ಒಬ್ಬರಿರುವರು. ಕೇಳುವುದಕ್ಕೆ ಒಬ್ಬರು ಬರುವ ದಿನವು ಬೇಗ ಒದಗಲಿ. ಸರ್ವರಿಗೂ ಸನ್ಮಂಗಳವಾಗಲಿ.